ಓಡುವವನ ಹೆಸರು ಹಡಗಿಗೆ ಬಂದದ್ದು

ಇಂಗ್ಲಿಷಿನ ದಪ್ಪ ನಿಘಂಟುಗಳಲ್ಲಿ ‘ಪಟಮಾರ್’ ಅಂತ ಒಂದು ಪದ ಇದೆ. ಲಂಡನ್ನಿನ ಬೀದಿಯಲ್ಲಿ ನಿಂತು ಕೇಳಿದರೆ ಯಾರೂ ಅರ್ಥ ಹೇಳಲಿಕ್ಕಿಲ್ಲ. ಸ್ಕ್ರ್ಯಾಬಲ್ ಆಡುವವರಿಗೆ ಗೊತ್ತಿದ್ದರೆ ಗೊತ್ತು. ಏಳು ಅಕ್ಷರದ ಪದ, ಒಳ್ಳೆ ಪಾಯಿಂಟ್ ಸಿಗುತ್ತದೆ. ಅರ್ಥ ಯಾರಿಗೆ ಬೇಕು? ನಿಘಂಟು ಕೊಡುವ ಅರ್ಥವೂ ಚಿಕ್ಕದೇ: ಭಾರತದ ಪಶ್ಚಿಮ ಕರಾವಳಿಯ ಒಂದು ಬಗೆಯ ಹಾಯಿಹಡಗು.

ಕಾರವಾರ, ಅಂಕೋಲಾ, ಕುಮಟಾ ಕಡೆಯ ಹಳಬರ ಹತ್ತಿರ ಹೇಳಿದರೆ ಅವರಿಗೆ ನಿಘಂಟು ಬೇಡ. “ಓ, ಪತ್ತೇಮಾರಿಯಾ?” ಅಂತಾರೆ. ಕೆಲವರು ಪತೇಮಾರಿ, ಕೆಲವರು ಫತ್ತೇಮಾರಿ ಅಂತಾರೆ. ಇಂಗ್ಲಿಷರ ಕಾಗುಣಿತವಂತೂ ಕೇಳುವುದೇ ಬೇಡ. ಪಟ್ಟಮಾರ್, ಪಟ್ಟಿಮಾರ್, ಪೆಟಮಾರೆ, ಪ್ಯಾಡಿಮಾರ್, ಹೀಗೆ ಬರೆದವನ ಕಿವಿ ಹೇಗೋ ಹಾಗೆ.

ಘಟ್ಟದ ಮೇಲಿನ ಕಿವಿಯೇ ಬೇರೆ. ಶಿರಸಿಯ ನೆಂಟರೊಬ್ಬರ ಮುಂದೆ ಈ ಪದ ಎತ್ತಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಎಂತ ಮಾರಾಯಾ, ಮಾರಿ ಜಾತ್ರೆಗೂ ಇದಕ್ಕೂ ಸಂಬಂಧ ಉಂಟಾ?” ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ತೇರು ನೋಡುವವರಿಗೆ ‘ಮಾರಿ’ ಅಂದರೆ ಇನ್ನೇನು ಹೊಳೆಯಬೇಕು ಹೇಳಿ. ನಕ್ಕು ಸುಮ್ಮನಾದೆ. ಆದರೆ ಆಮೇಲೆ ಈ ಪದದ ಹಿಂದೆ ಬಿದ್ದು ಓದುತ್ತಾ ಹೋದ ಹಾಗೆ ಒಂದು ವಿಷಯ ಕಂಡಿತು. ಇದರ ಮೂಲ ಹೇಳಲು ಹೊರಟ ದೊಡ್ಡ ದೊಡ್ಡ ಪಂಡಿತರೂ ನಮ್ಮ ಶಿರಸಿ ನೆಂಟರ ದಾರಿಯನ್ನೇ ಹಿಡಿದಿದ್ದರು. ಪ್ರತಿಯೊಬ್ಬರೂ ತಮಗೆ ಗೊತ್ತಿದ್ದ ಭಾಷೆಯ ಪದವನ್ನೇ ಅದರೊಳಗೆ ಕೇಳಿಸಿಕೊಂಡಿದ್ದರು.

ಇಂಥ ಪದಗಳ ಜಾಡು ಹಿಡಿಯಬೇಕಾದರೆ ‘ಹಾಬ್ಸನ್-ಜಾಬ್ಸನ್’ ತೆರೆಯಬೇಕು. ಭಾರತದಲ್ಲಿದ್ದ ಇಂಗ್ಲಿಷರ ಬಾಯಿಗೆ ಹತ್ತಿದ ನಮ್ಮ ಕಡೆಯ ಪದಗಳ ನಿಘಂಟು ಅದು. 1886ರಲ್ಲಿ ಬಂತು. ಮಾಡಿದವರು ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್. ಬರ್ನೆಲ್ ನಮಗೆ ಪರಕೀಯರೇನಲ್ಲ. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದವರು, ತುಳುನಾಡಿನ ಭೂತಾರಾಧನೆಯ ಬಗ್ಗೆ ಬರೆದವರು. 1882ರಲ್ಲೇ ತೀರಿಕೊಂಡರು, ಹಾಗಾಗಿ ಪುಸ್ತಕ ಅಚ್ಚಾದದ್ದನ್ನು ನೋಡಲಿಲ್ಲ. 1903ರಲ್ಲಿ ವಿಲಿಯಂ ಕ್ರೂಕ್ ಅದನ್ನು ಪರಿಷ್ಕರಿಸಿ, ತಮ್ಮ ಮಾತನ್ನು ಚೌಕ ಆವರಣದಲ್ಲಿ ಸೇರಿಸಿದರು.

ಅಲ್ಲಿ ಈ ಪದಕ್ಕೆ ಒಂದಲ್ಲ, ಎರಡು ಅರ್ಥ ಕೊಟ್ಟಿದ್ದಾರೆ. ಹಡಗು ಎರಡನೆಯದು. ಮೊದಲನೆಯದು, ಕಾಲ್ನಡಿಗೆಯಲ್ಲಿ ಓಡಿ ಸುದ್ದಿ ಮುಟ್ಟಿಸುವ ಮನುಷ್ಯ. ಅಂಚೆಯ ಓಟಗಾರ.

ಹಡಗಿಗೂ ಓಡುವವನಿಗೂ ಒಂದೇ ಹೆಸರು! ನನ್ನನ್ನು ಹಿಡಿದು ಕೂರಿಸಿದ್ದು ಇದೇ.

ಮೂಲದ ಬಗ್ಗೆ ನಿಘಂಟು ಏನು ಹೇಳುತ್ತದೆ ನೋಡಿ. ಮೊದಲು ‘ಬಹುಶಃ’ ಎಂದು ಶುರು ಮಾಡುತ್ತದೆ. ಬಹುಶಃ ಕೊಂಕಣಿಯ ‘ಪಾಥ್‌ಮಾರ್’, ಅಂದರೆ ಓಲೆಕಾರ. ಇದು ಜೇಮ್ಸ್ ಕ್ಯಾಂಪ್‌ಬೆಲ್ ಕೊಟ್ಟ ವಿವರಣೆ. ಬೊಂಬಾಯಿ ಗೆಝೆಟಿಯರ್ ಮಾಡಿಸಿದವರು ಇವರೇ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಬೊಂಬಾಯಿ ಪ್ರಾಂತಕ್ಕೆ ಹೋಯಿತಲ್ಲ, ಹಾಗಾಗಿ ಅವರ ಗೆಝೆಟಿಯರ್‌ನಲ್ಲಿ ಕಾರವಾರಕ್ಕೂ ಒಂದು ಸಂಪುಟ ಸಿಕ್ಕಿತು, 1883ರಲ್ಲಿ. ಕ್ಯಾಂಪ್‌ಬೆಲ್ ಇನ್ನೊಂದು ಮಾತೂ ಹೇಳುತ್ತಾರೆ. ಮುಸ್ಲಿಮರು ಇದನ್ನು ‘ಫತೇಮಾರಿ’ ಎಂದು ಬರೆಯುತ್ತಾರಂತೆ, ಫತಹ್ ಅಂದರೆ ಗೆಲುವು, ಮಾರ್ ಅಂದರೆ ಪಾರಸಿಯಲ್ಲಿ ಹಾವು ಎಂದು ಲೆಕ್ಕ ಹಾಕಿ. ಗೆಲುವಿನ ಹಾವು! ನಿಘಂಟಿನವರು ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟು ಮುಂದೆ ಹೋಗುತ್ತಾರೆ. ನಾನೂ ಹೋಗುತ್ತೇನೆ.

ಮೋಲ್ಸ್‌ವರ್ತ್‌ರ ಮರಾಠಿ ನಿಘಂಟು ‘ಸುದ್ದಿ ತರುವುದು’ ಎನ್ನುತ್ತದೆ. ‘ಪತ್ತಾ’ ಅಂದರೆ ಸುದ್ದಿ, ಸುಳಿವು. ನಾವು ಕನ್ನಡದಲ್ಲಿ ದಿನಾ ‘ಪತ್ತೆ ಹಚ್ಚು’, ‘ಪತ್ತೆ ಇಲ್ಲ’ ಅನ್ನುತ್ತೇವಲ್ಲ, ಅದೇ ಪತ್ತೆ. ಹಾಗಾದರೆ ‘ಮಾರಿ’ ಏನು? ಅದು ಸ್ಪಷ್ಟವಿಲ್ಲ ಅಂತ ಯೂಲ್ ಪ್ರಾಮಾಣಿಕವಾಗಿ ಹೇಳಿಬಿಡುತ್ತಾರೆ. ಮದ್ರಾಸಿನವರ ಪದಕೋಶ ಅದಕ್ಕೂ ಉತ್ತರ ಕೊಟ್ಟಿದೆ: ‘ಪತರ್’ ಅಂದರೆ ಹಿಂದಿಯಲ್ಲಿ ಸುದ್ದಿ, ‘ಮಾರಿ’ ಅಂದರೆ ಮರಾಠಿಯಲ್ಲಿ ಹೊರುವವನು. ಕ್ರೂಕ್ ಆವರಣದೊಳಗೆ ಮೆಲ್ಲಗೆ ಚಿವುಟುತ್ತಾರೆ: ಈ ‘ಪತರ್’ ಪ್ಲಾಟ್ಸ್ ಮಾಡಿದ ಹಿಂದಿ-ಉರ್ದು ನಿಘಂಟಿನಲ್ಲೇ ಇಲ್ಲ. ನನ್ನ ಊಹೆ ಕೇಳಿದರೆ, ಆ ಪದಕೋಶ ಮಾಡಿದವರು ಯಾರದೋ ಬಾಯಲ್ಲಿ ‘ಪತ್ರ’ ಎಂಬುದನ್ನು ಕೇಳಿ ಪತರ್ ಎಂದು ಬರೆದುಕೊಂಡಿರಬೇಕು.

ತೆಲುಗಿಗೆ ನಿಘಂಟು ಮಾಡಿದ ಸಿ. ಪಿ. ಬ್ರೌನ್ ಇದ್ದಾರಲ್ಲ, ಅವರು ಮಾತ್ರ ಬೇರೆಯೇ ದಿಕ್ಕಿಗೆ ಕೈ ತೋರಿಸುತ್ತಾರೆ. ಇದು ಮಲಯಾಳ ಪದ, ಅರ್ಥ ‘ಬಾತಿನ ರೆಕ್ಕೆ’ ಅಂತ.

ಬಾತಿನ ರೆಕ್ಕೆ ಕೇಳಿ ನನಗೆ ಮೊದಲು ನಗು ಬಂತು. ಆದರೆ ಕಾರವಾರದ ಬೈತಖೋಲದ ಕಡೆ ಒಬ್ಬ ಹಳೆಯ ತಾಂಡೇಲರು, ಅಂದರೆ ದೋಣಿ ನಡೆಸುವ ಮುಖ್ಯಸ್ಥರು, ಸಿಕ್ಕಿದಾಗ ಅದನ್ನು ಹೇಳಿದೆ. ಅವರು ನಗಲಿಲ್ಲ. ಎರಡೂ ಕೈ ಪಕ್ಕಕ್ಕೆ ಚಾಚಿದರು.

“ಗಾಳಿ ಹಿಂದಿಂದ ಬಂದ್ರೆ ಒಂದು ಹಾಯಿ ಈ ಬದಿ, ಒಂದು ಹಾಯಿ ಆ ಬದಿ ಬಿಡ್ತಿದ್ರು. ಹೀಂಗೆ. ದೂರದಿಂದ ನೋಡಿದ್ರೆ ಹಕ್ಕಿ ಹಾಂಗೇ ಕಾಣ್ತದೆ.”

“ಅಜ್ಜಾ, ನೀವು ಪತ್ತೇಮಾರಿಯಲ್ಲಿ ಹೋಗಿದ್ರಾ?”

“ನಾನೆಲ್ಲಿ! ನಮ್ಮ ಅಪ್ಪ ಹೋಗಿದ್ರು. ನಾನು ಬರುವಾಗ ಎಲ್ಲದಕ್ಕೂ ಇಂಜಿನ್ ಬಂದಾಗಿತ್ತು.”

ಇಂಗ್ಲಿಷ್ ನಾವಿಕರೂ ಹಾಯಿಯನ್ನು ಎರಡು ಬದಿಗೆ ಹರಡಿ ಹೋಗುವುದಕ್ಕೆ ಬಾತಿನ ರೆಕ್ಕೆಯ ಹೆಸರನ್ನೇ ಇಟ್ಟಿದ್ದಾರೆ. ಹಾಗಾಗಿ ಬ್ರೌನ್ ಪೂರ್ತಿ ಗಾಳಿಯಲ್ಲಿ ಗುಂಡು ಹೊಡೆದವರಲ್ಲ. ಆದರೂ ನನಗೆ ಒಪ್ಪಿಗೆಯಾಗುವುದಿಲ್ಲ. ಕಾರಣ ಸರಳ. ಹಡಗಿಗೇನೋ ರೆಕ್ಕೆ ಸರಿ. ಮಳೆಯಲ್ಲಿ ಕೆಸರು ತುಳಿದುಕೊಂಡು ಕಾಗದ ಹೊತ್ತು ಓಡುವವನಿಗೆ ಯಾವ ರೆಕ್ಕೆ?

ಮಳೆ ಅಂದೆ ನೋಡಿ, ಈ ಪದದ ಗುಟ್ಟು ಇರುವುದು ಅಲ್ಲೇ ಅಂತ ನನಗನಿಸುತ್ತದೆ.

ಪೋರ್ಚುಗೀಸ್ ಇತಿಹಾಸಕಾರ ಜೊವಾಂವ್ ದ ಬಾರ್ರುಸ್ 1550ರ ದಶಕದ ಹೊತ್ತಿಗೆ ಬರೆದದ್ದರಲ್ಲಿ ಈ ಪದ ಬರುತ್ತದೆ. ಕಣ್ಣೂರಿನ ಕೋಟೆಯಲ್ಲಿ ಲೊರೆನ್ಸು ದ ಬ್ರಿತು ಎಂಬ ಕಪ್ತಾನ. ಅಲ್ಲಿಯ ಅರಸನ ಪಡೆ ಬಂದು ಅವನನ್ನು ಕೋಟೆಯ ಬಾಗಿಲವರೆಗೂ ಅಟ್ಟಿಸಿಕೊಂಡು ಬಂತು. ಆಗ ಅವನು ತನ್ನ ಪರಿಸ್ಥಿತಿಯನ್ನು ವೈಸ್‌ರಾಯ್‌ಗೆ ‘ಪತಮಾರ’ರ ಕೈಯಲ್ಲಿ ಬರೆದು ಕಳಿಸಿದ. ನೆಲದ ಮೇಲೆ ಬಲು ದೂರ ಹೋಗುವ ಜನ ಇವರು ಎಂದು ಬಾರ್ರುಸ್ ವಿವರಿಸುತ್ತಾನೆ. ಕಣ್ಣೂರಿನ ಆ ಮುತ್ತಿಗೆ ನಡೆದದ್ದು 1507ರಲ್ಲಿ, ಏಪ್ರಿಲ್ ಕೊನೆಯಿಂದ ಆಗಸ್ಟ್ ತನಕ. ತಿಂಗಳು ಗಮನಿಸಿ. ಕಣ್ಣೂರಿನ ಮನುಷ್ಯ ದೋಣಿ ಬಿಟ್ಟು ನೆಲದ ಮೇಲೆ ಯಾಕೆ ಆಳು ಕಳಿಸಿದ ಅಂತ ಕರಾವಳಿಯವರಿಗೆ ಬಿಡಿಸಿ ಹೇಳಬೇಕೇ?

ಇನ್ನೂ ಚೆನ್ನಾಗಿ ಹೇಳಿದವನು ಲಿನ್ಸ್‌ಖೋಟನ್. ಡಚ್ಚಿನವನು. 1580ರ ದಶಕದಲ್ಲಿ ಗೋವಾದಲ್ಲಿ ಆರ್ಚ್‌ಬಿಷಪ್ಪರ ಕಾರ್ಯದರ್ಶಿಯಾಗಿದ್ದ. ಅವನ ಪುಸ್ತಕ 1598ರಲ್ಲಿ ಇಂಗ್ಲಿಷಿಗೆ ಬಂತು. ಪತಮಾರರು ಬರೀ ಸುದ್ದಿ ಒಯ್ಯುವವರು, ಚಳಿಗಾಲದಲ್ಲಿ ಸಮುದ್ರದ ಮೇಲೆ ಹೋಗಲಾಗದ ಹೊತ್ತಿನಲ್ಲಿ ನೆಲದ ಮೇಲೆ ಊರಿಂದೂರಿಗೆ ಕಾಗದ ಮುಟ್ಟಿಸುತ್ತಾರೆ ಎಂದು ಅದರಲ್ಲಿದೆ.

ಗೋವಾದಲ್ಲಿ ಎಂಥ ಚಳಿಗಾಲ? ಅದು ಮಳೆಗಾಲ. ಪೋರ್ಚುಗೀಸರು ಇಲ್ಲಿಯ ಮಳೆಗಾಲಕ್ಕೆ ತಮ್ಮ ಊರಿನ ಚಳಿಗಾಲದ ಪದವನ್ನೇ ಅಂಟಿಸಿದ್ದರು. ಇಂಗ್ಲಿಷಿಗೆ ತಂದವನೂ ಹಾಗೇ ಬಿಟ್ಟ. ಲಂಡನ್ನಿನಲ್ಲಿ ಕೂತು ಓದಿದವರು ಹಿಮ ಬೀಳುವುದನ್ನು ಕಲ್ಪಿಸಿಕೊಂಡಿರಬೇಕು. ನಮಗೆ ಕಾಣುವುದು ಆಷಾಢ. ಕಾಳಿ ನದಿ ಕೆಂಪಾಗಿ ಕಡಲಿಗೆ ನುಗ್ಗುವ ಕಾಲ, ದೋಣಿ ದಡಕ್ಕೆಳೆದು ಮಡಲಿನ ಚಪ್ಪರ ಹೊದಿಸುವ ಕಾಲ. ಈಗಲೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಇಂಜಿನ್ ಇಲ್ಲದ ಕಾಲದಲ್ಲಿ ಮಳೆಗಾಲದ ಕಡಲಿಗೆ ಇಳಿಯಬೇಡಿ ಅಂತ ಯಾವ ಸರಕಾರವೂ ಹೇಳಬೇಕಿರಲಿಲ್ಲ.

ಜಾನ್ ಫ್ರೈಯರ್ ಎಂಬ ಇಂಗ್ಲಿಷ್ ವೈದ್ಯ 1670ರ ದಶಕದಲ್ಲಿ ಇಲ್ಲೆಲ್ಲ ತಿರುಗಿದ. ಕಾರವಾರಕ್ಕೂ ಬಂದಿದ್ದ, ಗೋಕರ್ಣವನ್ನೂ ನೋಡಿದ್ದ. ಅವನೂ ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯಿಂದ ಒಬ್ಬ ಪತಮಾರ್ ಸುದ್ದಿ ತಂದನೆಂದು ಬರೆಯುತ್ತಾನೆ. ಪಕ್ಕದಲ್ಲೇ ‘ಕಾಲ್ನಡಿಗೆಯ ಅಂಚೆ’ ಎಂದು ಅರ್ಥವನ್ನೂ ಕೊಡುತ್ತಾನೆ. ಅದೇ ಸೇಂಟ್ ಜಾರ್ಜ್ ಕೋಟೆಯ 1673ರ ದಾಖಲೆಯೊಂದರಲ್ಲಿ ಈ ಪದ ಬಂದಾಗ, ಇನ್ನೂರು ವರ್ಷ ಬಿಟ್ಟು ಅದನ್ನು ಅಚ್ಚು ಹಾಕಿಸಿದವರು ‘ದೇಶೀ ಹಡಗು’ ಎಂದು ಟಿಪ್ಪಣಿ ಬರೆದರು. ಯೂಲ್ ಅದನ್ನು ಒಪ್ಪಲಿಲ್ಲ. ಅಲ್ಲಿ ಹೇಳಿದ್ದು ಓಡುವ ಆಳುಗಳನ್ನೇ ಎಂದರು. ಅಷ್ಟು ಹೊತ್ತಿಗೆ ಹಡಗಿನ ಅರ್ಥ ಎಷ್ಟು ಗಟ್ಟಿಯಾಗಿತ್ತೆಂದರೆ ಮನುಷ್ಯರೇ ಮರೆತುಹೋಗಿದ್ದರು.

ಇಲ್ಲಿ ಯೂಲ್ ಜೊತೆ ನನ್ನದೊಂದು ತಕರಾರಿದೆ. ಹಡಗಿನ ಅರ್ಥ ಹೋಲಿಕೆಯಲ್ಲಿ ಇತ್ತೀಚಿನದು ಎಂದು ಅವರ ನಿಘಂಟು ಹೇಳುತ್ತದೆ. ಆದರೆ ಅದೇ ಪುಟದಲ್ಲಿ ಕೆಳಗೆ ಅವರೇ ಕೊಟ್ಟ ಉದಾಹರಣೆ ನೋಡಿ. 1600ರಲ್ಲಿ ಲುಸೆನಾ ಎಂಬ ಪಾದ್ರಿ ಬರೆದ ಕ್ಸೇವಿಯರ್ ಚರಿತ್ರೆಯ ಸಾಲು ಅದು. ‘ಪತಮಾರ್ ಎಂದು ಕರೆಯುವ ಚಿಕ್ಕ ದೋಣಿಗಳಲ್ಲೊಂದು’ ಎಂದು ಅದರಲ್ಲಿದೆ. ಲಿನ್ಸ್‌ಖೋಟನ್‌ನ ಇಂಗ್ಲಿಷ್ ಪುಸ್ತಕ 1598ರದ್ದು, ಇದು 1600ರದ್ದು. ಎರಡು ವರ್ಷದ ಅಂತರ. ಒಬ್ಬನಿಗೆ ಪತಮಾರ್ ಮನುಷ್ಯ, ಇನ್ನೊಬ್ಬನಿಗೆ ದೋಣಿ.

ಹಾಗಾದರೆ ಮನುಷ್ಯನ ಹೆಸರು ನಿಧಾನವಾಗಿ, ನೂರಾರು ವರ್ಷ ತಗೊಂಡು ಹಡಗಿಗೆ ಜಾರಿತು ಎಂಬ ಕಥೆ ನಿಲ್ಲುವುದಿಲ್ಲ. ಎರಡೂ ಒಟ್ಟಿಗೇ ಇದ್ದವು. ಯಾಕೆಂದರೆ ಕೆಲಸ ಒಂದೇ. ಕಡಲು ತೆರೆದಿದ್ದಾಗ ಸುದ್ದಿ ಸಣ್ಣ ಚುರುಕು ದೋಣಿಯಲ್ಲಿ ಹೋಗುತ್ತಿತ್ತು. ಕಡಲು ಮುಚ್ಚಿದಾಗ ಕಾಲಿನ ಮೇಲೆ ಹೋಗುತ್ತಿತ್ತು. ಹೆಸರು ಇದ್ದದ್ದು ಸುದ್ದಿ ಒಯ್ಯುವ ಕೆಲಸಕ್ಕೆ. ಒಯ್ಯುವುದು ಮರವೋ ಮನುಷ್ಯನೋ ಎಂಬುದು ಪಂಚಾಂಗಕ್ಕೆ ಬಿಟ್ಟದ್ದು. ಇದು ನನ್ನ ವಾದ. ನಿಘಂಟಿನಲ್ಲಿ ಹೀಗೆ ಬರೆದಿಲ್ಲ, ಆದರೆ ಅದರಲ್ಲಿರುವ ಉದಾಹರಣೆಗಳನ್ನೇ ತಿಂಗಳ ಲೆಕ್ಕದಲ್ಲಿ ಓದಿದರೆ ಬೇರೆ ಹೇಗೆ ಓದುವುದೋ ನನಗೆ ತಿಳಿಯದು.

ಆಮೇಲೆ ದೋಣಿ ದೊಡ್ಡದಾಯಿತು. ಲುಸೆನಾನ ‘ಚಿಕ್ಕ ದೋಣಿ’ 19ನೇ ಶತಮಾನಕ್ಕೆ ಬರುವಾಗ ದೊಡ್ಡ ಸರಕಿನ ಹಡಗು. 1834ರಲ್ಲಿ ಜಾನ್ ಎಡೈ ಎಂಬಾತ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಇದರ ಚಿತ್ರ ಸಮೇತ ವಿವರ ಕೊಟ್ಟ. ಮುಂದಕ್ಕೆ ಚಾಚಿದ ಉದ್ದ ಮೂತಿ, ಬಿಲ್ಲಿನ ಹಾಗೆ ಬಾಗಿದ ತಳದ ಮರ, ಒಂದೋ ಎರಡೋ ಮೂರೋ ಹಾಯಿಕಂಬ. ಕಂಬಗಳು ನೆಟ್ಟಗಿರುವುದಿಲ್ಲ, ಮುಂದಕ್ಕೆ ವಾಲಿರುತ್ತವೆ. ಸುಮ್ನೆ ಚಂದಕ್ಕಲ್ಲ. ಮುಕ್ಕೋನೆ ಹಾಯಿಯನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ತಿರುಗಿಸುವಾಗ ಅದನ್ನು ಕಟ್ಟಿದ ಉದ್ದನೆ ಗಳವನ್ನು ಕಂಬದ ಮುಂದಿನಿಂದ ದಾಟಿಸಬೇಕು. ಕಂಬ ಮುಂದಕ್ಕೆ ವಾಲಿದ್ದರೆ ಗಳ ಸಲೀಸಾಗಿ ದಾಟುತ್ತದೆ. ತಾಂಡೇಲರು ಇದನ್ನು ಒಂದು ಬೀಡಿಕಟ್ಟು ಮತ್ತು ಕಡ್ಡಿಪೆಟ್ಟಿಗೆ ಇಟ್ಟುಕೊಂಡು ತೋರಿಸಿಕೊಟ್ಟರು. ಕಡ್ಡಿ ಮೂರು ಸಲ ಬಿತ್ತು, ಆದರೂ ಅರ್ಥವಾಯಿತು.

ಬೆಳಗಿನ ಜಾವ ನೆಲದ ಕಡೆಯಿಂದ ಗಾಳಿ ಬೀಸುತ್ತದೆ, ಮಧ್ಯಾಹ್ನದ ಮೇಲೆ ಕಡಲ ಕಡೆಯಿಂದ. ದಡ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇದ್ದು, ಈ ಎರಡು ಗಾಳಿಯನ್ನೇ ನಂಬಿ, ಮಲಬಾರಿನಿಂದ ಮುಂಬೈ ತನಕ ಹೋಗಿಬರುತ್ತಿದ್ದವು. ಶಿರಸಿಯ ಅಡಿಕೆ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬರುತ್ತಿತ್ತು. ಸಾಣಿಕಟ್ಟಾದ ಉಪ್ಪು, ಬಯಲುಸೀಮೆಯ ಹತ್ತಿ. ಹತ್ತಿಯದ್ದು ಇನ್ನೊಂದು ತಮಾಷೆ. ಬೆಳೆದದ್ದು ಧಾರವಾಡದ ಎರೆಮಣ್ಣಿನಲ್ಲಿ. ಹಡಗು ಹತ್ತಿದ್ದು ಕುಮಟಾದಲ್ಲಿ. ಇಂಗ್ಲಿಷ್ ವ್ಯಾಪಾರಿಗಳು ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರಿಟ್ಟರು. ಕುಮಟಾದಲ್ಲಿ ಹತ್ತಿ ಬೆಳೆಯುತ್ತದೆ ಅಂದುಕೊಂಡವರೂ ಇದ್ದಿರಬೇಕು ಪಾಪ. 1880ರ ದಶಕದ ಕೊನೆಗೆ ಮರ್ಮಗೋವಾಕ್ಕೆ ರೈಲು ಬಂತು. ಹತ್ತಿ ಆ ಕಡೆ ತಿರುಗಿತು. ಕಾರವಾರ, ಕುಮಟಾ ಬಂದರುಗಳ ವೈಭವ ಅಲ್ಲಿಗೆ ಇಳಿಯಿತು.

ಸುದ್ದಿ ಹೊತ್ತದ್ದರ ಹೆಸರು ಹಡಗಿಗೆ ಬರುವುದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಇಂಗ್ಲಿಷಿನಲ್ಲಿ ಸರಕಾರಿ ಕಾಗದದ ಕಟ್ಟಿಗೆ ಪ್ಯಾಕೆಟ್ ಅಂದರು. ಅದನ್ನು ಒಯ್ಯುವ ಹಡಗು ಪ್ಯಾಕೆಟ್ ಬೋಟ್ ಆಯಿತು. ಆಮೇಲೆ ಕಾಗದ ಇರಲಿ ಬಿಡಲಿ, ಗೊತ್ತಾದ ಹೊತ್ತಿಗೆ ಹೋಗಿಬರುವ ಹಡಗೆಲ್ಲ ಪ್ಯಾಕೆಟ್. ಫ್ರೆಂಚರು ಅದನ್ನು ಎತ್ತಿಕೊಂಡು ‘ಪಾಕ್‌ಬೋ’ ಮಾಡಿಕೊಂಡರು.

ನಮ್ಮ ಕನ್ನಡದ ‘ಹರಿಕಾರ’ ಇದಕ್ಕಿಂತ ಮಜವಾಗಿದೆ. ಪಾರಸಿಯ ಹರ್ಕಾರಾ ಅಂದರೆ ಓಲೆಕಾರ, ಮುಂದೆ ಹೋಗಿ ಸುದ್ದಿ ಹೇಳುವವನು. ನಮ್ಮಲ್ಲಿ ‘ಹರಿ’ ಅಂದರೆ ಓಡು, ಹರಿದು ಹೋಗು ಎಂದು ಮೊದಲೇ ಇತ್ತು. ಹಾಗಾಗಿ ಪದ ಪರಕೀಯ ಅನಿಸಲೇ ಇಲ್ಲ. ಈಗ ಕ್ರಾಂತಿಗೆ ಹರಿಕಾರರು, ಚಳವಳಿಗೆ ಹರಿಕಾರರು. ಕಾಗದ ಹೊತ್ತು ಓಡುತ್ತಿದ್ದ ಆಳು ಸನ್ಮಾನ ಪತ್ರದೊಳಗೆ ಸೇರಿಕೊಂಡ. ಬಡ್ತಿ ಅಂದರೆ ಇದಪ್ಪಾ!

‘ಟಪಾಲು’ ಕೂಡ ಹೀಗೇ ಮೂಲ ಸಿಗದ ಪದ. ಬ್ರೌನ್ ಇಲ್ಲಿಯೂ ಮೂಗು ತೂರಿಸಿ ಫ್ರೆಂಚಿನ ಕಡೆ ಬೆರಳು ತೋರಿಸಿದ್ದಾರೆ. ನನಗೆ ಇಷ್ಟವಾದದ್ದು ತೆಲುಗು ಗುಮಾಸ್ತರ ಕಥೆ. ತೆಲುಗಿನಲ್ಲಿ ‘ಲು’ ಬಂದರೆ ಬಹುವಚನ. ಟಪ್ಪಾಲು ಅಂದರೆ ಹಲವು ಇರಬೇಕು, ಹಾಗಾದರೆ ಒಂದಕ್ಕೆ ‘ಟಪ್ಪಾ’ ಅಂತ ಬರೆದುಬಿಟ್ಟರಂತೆ. 18ನೇ ಶತಮಾನದ ಕೊನೆಯ ಇಂಗ್ಲಿಷ್ ಕಾಗದಗಳಲ್ಲಿ ಅದು ಹಾಗೇ ಉಳಿದಿದೆ.

ಪತ್ತೇಮಾರಿಗೆ ಮರಳಿದರೆ, ‘ಮಾರಿ’ ಇನ್ನೂ ಬಾಕಿ ಇದೆ. ಕ್ಯಾಂಪ್‌ಬೆಲ್ ಹೇಳಿದ ‘ಪಾಥ್’ ಅಂದರೆ ದಾರಿಯಾ ಅಂತ ಪಕ್ಕದ ಮನೆಯ ಬಾಯಿಯವರನ್ನು ಕೇಳಿದೆ. ಮನೆಮಾತು ಕೊಂಕಣಿ. ಅವರು ಸೊಪ್ಪು ಸೋಸುತ್ತಲೇ ಹೇಳಿದರು: “ದಾರಿಗೆ ನಾವು ವಾಟ್ ಅಂತೇವೆ. ಪಾಥ್ ಅಂತ ಯಾರು ಹೇಳ್ತಾರೆ?” ಸರಿಯಾದ ಮಾತು. ನನಗೂ ಪಾಥ್‌ಗಿಂತ ಮೋಲ್ಸ್‌ವರ್ತ್‌ರ ಪತ್ತೆಯೇ ವಾಸಿ ಅನಿಸುತ್ತದೆ. ಆದರೆ ‘ಮಾರ್’ ಬಗ್ಗೆ ಬಾಯಿಯವರ ಮಾತಿನಲ್ಲೇ ಸುಳಿವು ಇತ್ತು. ಸ್ವಲ್ಪ ಹೊತ್ತಿನ ಮೇಲೆ ಮಗನಿಗೆ ಪೇಟೆಗೆ ಒಂದು ‘ಫೇರಿ ಮಾರು’ ಎಂಬ ಅರ್ಥದಲ್ಲಿ ಏನೋ ಕೂಗಿ ಹೇಳಿದರು. ಮರಾಠಿಯಲ್ಲಿಯೂ ಕೊಂಕಣಿಯಲ್ಲಿಯೂ ಮಾರುವುದು ಅಂದರೆ ಹೊಡೆಯುವುದು. ಸುತ್ತು ಹೋಗಿಬರುವುದಕ್ಕೂ ಅದೇ ಕ್ರಿಯಾಪದ. ನಾವು ಕನ್ನಡದಲ್ಲಿ ‘ಪೇಟೆಗೆ ಒಂದು ರೌಂಡ್ ಹೊಡೆದು ಬಾ’ ಅನ್ನುವುದಿಲ್ಲವೇ, ಹಾಗೇ. ಹಾಗಾಗಿ ಪತ್ತೇಮಾರಿ ಅಂದರೆ ಸುದ್ದಿಗಾಗಿ ಓಡಾಟ ಹೊಡೆಯುವವನು ಅಂತ ಇಟ್ಟುಕೊಳ್ಳಬಹುದೇ? ಇದು ಊಹೆ ಮಾತ್ರ, ಶಿರಸಿ ನೆಂಟರ ಮಾರಿಕಾಂಬೆಗಿಂತ ಒಂದು ಹೆಜ್ಜೆ ಮುಂದೆ, ಅಷ್ಟೇ.

ಮಲಯಾಳಿಗಳ ಪತ್ತೇಮಾರಿಗೆ ಈಗ ಬೇರೆಯೇ ಬಣ್ಣ ಹತ್ತಿದೆ. 1960ರ ದಶಕದಲ್ಲಿ ಕಾಗದಪತ್ರ ಇಲ್ಲದೆ ಗಲ್ಫಿಗೆ ಹೋದವರ ಹಡಗು ಅದು. ಅಲ್ಲಿ ಆ ಪದ ಕೇಳಿದರೆ ಜನರಿಗೆ ನೆನಪಾಗುವುದು ಓಲೆಕಾರನಲ್ಲ, ಮನೆ ಬಿಟ್ಟುಹೋದ ಚಿಕ್ಕಪ್ಪ. ಇಂಟರ್‌ನೆಟ್ಟಿನಲ್ಲಿ ‘ಪತಮಾರ್’ ಎಂದು ಹುಡುಕಿದರೆ ರಾಶಿ ರಾಶಿ ಪೋರ್ಚುಗೀಸ್ ಪುಟ ಬರುತ್ತವೆ. ಖುಷಿಪಡಬೇಡಿ. ಈಗಿನ ಪೋರ್ಚುಗೀಸಿನಲ್ಲಿ ಆ ಕಾಗುಣಿತದ ಪದಕ್ಕೆ ಮೆಟ್ಟಿಲ ನಡುವಿನ ಕಟ್ಟೆ, ಮಟ್ಟ ಎಂಬ ಅರ್ಥ. ಬ್ರೆಜಿಲಿನ ಪತ್ರಿಕೆಗಳಲ್ಲಿ ಬೆಲೆ ಏರಿದಾಗಲೆಲ್ಲ ‘ಹೊಸ ಪತಮಾರ್’ ಮುಟ್ಟಿತು ಅಂತ ಬರುತ್ತಿರುತ್ತದೆ. ನಮ್ಮ ಓಟಗಾರನನ್ನು ಅಲ್ಲಿ ಹುಡುಕಿ ಪ್ರಯೋಜನವಿಲ್ಲ.

ಅವನು ಎಷ್ಟು ದೂರ ಓಡಿದ್ದ ಎಂಬುದಕ್ಕೆ ಎಡ್ವರ್ಡ್ ಐವ್ಸ್ ಸಾಕ್ಷಿ. ಹಡಗಿನ ವೈದ್ಯ. 1758ರಲ್ಲಿ ಊರಿಗೆ ಮರಳುವ ದಾರಿಯಲ್ಲಿ ಬರೆದ: ನಮ್ಮ ಯಹೂದಿ ವ್ಯಾಪಾರಿಗೆ ಅಲೆಪ್ಪೊದಿಂದ ಮರುಭೂಮಿಯ ದಾರಿಯಾಗಿ ಒಬ್ಬ ಪಟ್ಟಮಾರ್ ನಿನ್ನೆ ವಾಪಸು ಬಂದ. ಕಡಲಿಲ್ಲ, ಹಾಯಿಯಿಲ್ಲ, ಮಳೆಗಾಲವಂತೂ ಇಲ್ಲವೇ ಇಲ್ಲ. ಬರೀ ಮರಳು. ಬಾತಿನ ರೆಕ್ಕೆಯ ವಾದಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕೇ?

ನನ್ನ ಮಳೆಗಾಲದ ವಾದವನ್ನು ಪರೀಕ್ಷಿಸುವುದು ಕಷ್ಟವೇನಲ್ಲ. ಪಣಜಿಯ ದಾಖಲೆ ಭಂಡಾರದಲ್ಲಿ ಪೋರ್ಚುಗೀಸರ ಹಳೆಯ ಕಾಗದಗಳು ಕಟ್ಟುಕಟ್ಟಾಗಿವೆ. ಕಾಗದಕ್ಕೆ ತಾರೀಖು ಇರುತ್ತದೆ. ಪತಮಾರ್ ಎಂಬ ಪದ ಬಂದ ಕಡೆಯೆಲ್ಲ ತಿಂಗಳು ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಮನುಷ್ಯ, ಮಿಕ್ಕ ತಿಂಗಳಲ್ಲಿ ಜಾಸ್ತಿ ದೋಣಿ ಎಂದು ಬಂದರೆ ನಾನು ಹೇಳಿದ್ದು ನಿಂತಿತು. ಮಳೆಗಾಲದಲ್ಲೂ ದೋಣಿಯೇ ಬಂದರೆ ಬಿದ್ದಿತು. ಕಾರವಾರದಲ್ಲಿ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಪಣಜಿ. ಹಳೆಯ ಪೋರ್ಚುಗೀಸ್ ಕೈಬರಹ ಓದಬಲ್ಲವರು ಯಾರಾದರೂ ಜೊತೆಗೆ ಸಿಗಬೇಕು. ಇದ್ದರೆ ತಿಳಿಸಿ, ಟಿಕೆಟ್ ದುಡ್ಡು ನನ್ನದು.